ಉತ್ತರ ಐದನೇ ಮಹಡಿಯಲ್ಲಿ

“ನನ್ನ ಚಿಕ್ಕಮಗ ದಿನಕ್ಕೆ ನೂರು ಸಲ ಮೇಲೆ ಹೋಗ್ತಾನೆ, ನೂರು ಸಲ ಕೆಳಗೆ ಬರ್ತಾನೆ, ಮುಂದೆ ಮಾತ್ರ ಬರ್ಲಿಲ್ಲ” ಎಂದು ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನೂರು ಎನ್ನುವುದು ಅತ್ತೆಯ ಬಾಯಿಮಾತು. ನಾನು ಒಂದು ದಿನ ಎಣಿಸಿದ್ದೇನೆ. ಎಂಬತ್ತಮೂರು.

ನನ್ನ ಮೈದುನ ಲಿಫ್ಟ್ ನಡೆಸುತ್ತಿದ್ದ. ಏಳು ಮಹಡಿಯ ಕಟ್ಟಡ, ತುಂಬ ಆಫೀಸುಗಳು. ಲಿಫ್ಟ್ ಹಳೆಯದು. ಎಳೆದರೆ ಮಡಿಚಿಕೊಳ್ಳುವ ಕಬ್ಬಿಣದ ಬಾಗಿಲು, ಒಂದು ಹಿತ್ತಾಳೆ ಹಿಡಿ, ಕೂರಲು ಒಂದು ಸ್ಟೂಲು. ಒತ್ತುವ ಗುಂಡಿಗಳಿರಲಿಲ್ಲ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ತಂದರೆ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನುವುದು ನಡೆಸುವವನ ಕೈಯಲ್ಲಿದೆ. ಬೇರೆಯವರು ನಡೆಸಿದರೆ ಜನ ಗುಂಡಿಗೆ ಇಳಿದ ಹಾಗೆ ಇಳಿಯಬೇಕು, ಇಲ್ಲವೇ ಕಟ್ಟೆ ಹತ್ತಿದ ಹಾಗೆ ಹತ್ತಬೇಕು. ನನ್ನ ಮೈದುನ ನಿಲ್ಲಿಸಿದರೆ ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಸಮ. ಒಂದು ಬೆರಳು ಮೇಲಿಲ್ಲ, ಒಂದು ಬೆರಳು ಕೆಳಗಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅತ್ತೆ, ಮೈದುನ, ನಾನು ಎರಡು ಕೋಣೆಯ ಮನೆಯಲ್ಲಿ ಇದ್ದೆವು. ಅವನೇ ಹೇಳಿ ಆ ಕಟ್ಟಡದಲ್ಲಿ ನನಗೆ ನೆಲ ಒರೆಸುವ ಕೆಲಸ ಕೊಡಿಸಿದ. ಮೆಟ್ಟಿಲು ಮಹಡಿಗೆ ಇಪ್ಪತ್ತೆರಡು, ಏಳು ಮಹಡಿಗೆ ನೂರ ಐವತ್ತನಾಲ್ಕು. ಅಷ್ಟೂ ನನ್ನವು. ಅವನು ಒಂದರ ಮೇಲೂ ಕಾಲಿಟ್ಟವನಲ್ಲ. ಅದು ಅವನ ಒಂದು ನೇಮ.

“ಹೋಟ್ಲು ಅಡುಗೆಯವನು ಪಕ್ಕದ ಹೋಟ್ಲಲ್ಲಿ ಉಂಡ್ರೆ ಜನ ಏನಂತಾರೆ ಅತ್ತಿಗೆ? ಲಿಫ್ಟಿನವನು ಮೆಟ್ಲು ಹತ್ತಿದ್ರೂ ಹಾಗೇ.”

ಒಂದು ಸಲ ಲಿಫ್ಟ್ ಆರನೇ ಮಹಡಿಯಲ್ಲಿ ಕೆಟ್ಟು ನಿಂತಿತು. ಜನರೆಲ್ಲ ಇಳಿದು ನಡೆದುಕೊಂಡು ಹೋದರು. ಇವನು ರಿಪೇರಿಯವನು ಬರುವ ತನಕ ಐದು ಗಂಟೆ ಸ್ಟೂಲಿನ ಮೇಲೆ ಕೂತೇ ಇದ್ದ. ಊಟದ ಡಬ್ಬಿಯನ್ನು ನಾನು ನೂರ ಮೂವತ್ತೆರಡು ಮೆಟ್ಟಿಲು ಹತ್ತಿ ಕೊಟ್ಟು ಬಂದೆ.

ಅವನ ಹೆಸರು ಊರಲ್ಲಿ ಹರಡಿದ್ದು ಇದರಿಂದಲ್ಲ, ಪ್ರಶ್ನೆಯಿಂದ. ಬಾಗಿಲು ಎಳೆದು ಹಿಡಿ ತಿರುಗಿಸಿದ ಕೂಡಲೇ ಅವನು ಒಂದು ಪ್ರಶ್ನೆ ಕೇಳುತ್ತಿದ್ದ. ದಿನಕ್ಕೆ ಒಂದೇ ಪ್ರಶ್ನೆ, ಹತ್ತಿದವರಿಗೆಲ್ಲ ಅದೇ. “ಹಿಂದಕ್ಕೆ ಹೋದವರೇ ಗೆಲ್ಲೋ ಆಟ ಯಾವುದು?” ಎನ್ನುವನು. ಉತ್ತರ ಮಾತ್ರ ಐದನೇ ಮಹಡಿಯಲ್ಲಿ.

ಯಾಕೆ ಐದನೇ ಮಹಡಿ ಎಂದು ನಾನೇ ಕೇಳಿದ್ದೆ. “ಅಕ್ಕಿ ಹಾಕಿದ ತಕ್ಷಣ ಅನ್ನ ಆಗುತ್ತಾ ಅತ್ತಿಗೆ? ಪ್ರಶ್ನೆಯೂ ಬೇಯಬೇಕು” ಎಂದ. ಕೆಳಗಿನಿಂದ ಐದನೇ ಮಹಡಿಗೆ ನಾನು ಬಾಯಲ್ಲಿ ಎಣಿಸಿದರೆ ಅರವತ್ತು ಆಗುತ್ತಿತ್ತು. ಅಷ್ಟು ಬೆಂದರೆ ಸಾಕು ಎಂದು ಅವನ ಅಂದಾಜು. ಐದು ಬಂತು, ಬಾಗಿಲು ತೆರೆಯಿತು, “ಹಗ್ಗ ಜಗ್ಗಾಟ” ಎಂದ. ಅಲ್ಲಿ ಇಳಿಯುವವರು, ಆರಕ್ಕೆ ಏಳಕ್ಕೆ ಹೋಗುವವರು ತಲೆದೂಗಿದರು. ಕೆಳಗಿನ ಮಹಡಿಗಳಲ್ಲಿ ಇಳಿದು ಹೋದವರ ಪಾಡು ದೇವರಿಗೇ ಪ್ರೀತಿ.

ಅವರ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಟೊಮೇಟೊ ಹಣ್ಣೋ ತರಕಾರಿಯೋ ಎಂದು ಕೇಳಿದ ದಿನ ಮೂರನೇ ಮಹಡಿಯ ಬಣ್ಣದ ಏಜೆಂಟರು ಮಧ್ಯಾಹ್ನದ ತನಕ ಒಂದು ಡಬ್ಬಿ ಬಣ್ಣ ಮಾರಲಿಲ್ಲ. ಹಣ್ಣು ಎನ್ನುವವರು ಒಂದು ಕಡೆ, ತರಕಾರಿ ಎನ್ನುವವರು ಒಂದು ಕಡೆ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರದು ಇನ್ನೂ ಕಷ್ಟ. ಒಂದೇ ಒಂದು ಮಹಡಿಯಲ್ಲಿ ಉತ್ತರ ತಪ್ಪಿಹೋಗುತ್ತಿತ್ತು. “ಲಿಫ್ಟಣ್ಣ, ನನ್ನ ಪೇಶೆಂಟುಗಳು ಬಾಯಿ ತೆಗೆದು ಕೂತ್ಕೊಂಡೂ ಪ್ರಶ್ನೆ ಕೇಳ್ತಾರಪ್ಪ. ನಾನು ಹಲ್ಲು ನೋಡ್ಲಾ, ಉತ್ತರ ಹುಡುಕ್ಲಾ?” ಎಂದು ಗೋಳಾಡಿದರು. ಆಮೇಲೆ ಅವರೂ ಐದಕ್ಕೆ ಹೋಗಿ ಒಂದು ಮಹಡಿ ಇಳಿದು ಬರಲು ಶುರುಮಾಡಿದರು.

ಸೋಮವಾರ ಪ್ರಶ್ನೆ ಇಲ್ಲ, ಗಾದೆ. ಕೆಳಗೆ ಅರ್ಧ, ಐದರಲ್ಲಿ ಅರ್ಧ. “ಕೂತು ಉಣ್ಣುವವನಿಗೆ” ಎಂದು ಹೊರಟರೆ “ಕುಡಿಕೆ ಹೊನ್ನು ಸಾಲದು” ಎಂದು ಮೇಲೆ ಮುಗಿಯಬೇಕು. ಎರಡನೇ ಮಹಡಿಯ ವಿಮಾ ಆಫೀಸಿನವರು ಅಷ್ಟರಲ್ಲಿ ಇಳಿದಾಗಿರುತ್ತಿತ್ತು. ಅವರು ತಾವೇ ಮುಗಿಸಿಕೊಂಡರು: “ಕೂತು ಉಣ್ಣುವವನಿಗೆ ಮ್ಯಾನೇಜರ್ ಅಂತಾರೆ.” ಮ್ಯಾನೇಜರಿಗೆ ಇದು ತಿಳಿಯುವ ಹೊತ್ತಿಗೆ ಕಟ್ಟಡಕ್ಕೆಲ್ಲ ತಿಳಿದಿತ್ತು.

ಒಂದು ದಿನ ಮನೆಯಲ್ಲಿ ಅತ್ತೆಗೂ ಕೇಳಿದ. “ಅಮ್ಮಾ, ಪ್ರಪಂಚದಲ್ಲಿ ಎಲ್ಲಕ್ಕಿಂತ ಚಿಕ್ಕ ಯುದ್ಧ ಎಷ್ಟು ಹೊತ್ತು ನಡೀತು ಹೇಳು?” ಅತ್ತೆ ಬೇಳೆ ಆರಿಸುತ್ತಿದ್ದರು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ ಎಂದು ಅವನೇ ಹೇಳಿದ. “ಹೆಂಗಸ್ರು ಇರ್ಲಿಲ್ಲ ಅನ್ಸುತ್ತೆ” ಎಂದರು ಅತ್ತೆ. “ನಿಮ್ಮಪ್ಪನ ತಂಗಿಗೂ ನನಗೂ ಶುರುವಾಗಿ ನಲವತ್ತು ವರ್ಷ ಆಯ್ತು, ಇನ್ನೂ ಮುಗಿದಿಲ್ಲ.”

ಈ ಪ್ರಶ್ನೆಗಳನ್ನೆಲ್ಲ ಅವನು ಎಲ್ಲಿಂದ ತರುತ್ತಿದ್ದ ಎನ್ನುವುದು ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ಪುಸ್ತಕ ಓದುತ್ತಾನೆ ಎಂದುಕೊಂಡಿದ್ದರು. ಅವನು ಓದಿದ್ದು ಏಳನೇ ತರಗತಿ. ಪ್ರಶ್ನೆ ತರುತ್ತಿದ್ದವಳು ನಾನು, ಕಸದ ಬುಟ್ಟಿಯಿಂದ.

ಐದನೇ ಮಹಡಿಯಲ್ಲಿ ಒಂದು ಔಷಧಿ ಕಂಪನಿ. ಅಲ್ಲಿ ಗೋಡೆಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಹಾಳೆಯಲ್ಲಿ ದಪ್ಪ ತಾರೀಕು, ಅದರ ಕೆಳಗೆ ಒಂದು ಪ್ರಶ್ನೆ. ಉತ್ತರ ಮರುದಿನದ ಹಾಳೆಯಲ್ಲಿ. ಭಾನುವಾರದ ಹಾಳೆಯಲ್ಲಿ ಮಾತ್ರ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ, ಒಂದು ಗಾದೆ; ಶನಿವಾರದ ಉತ್ತರ ಸೋಮವಾರದ್ದರಲ್ಲಿ. ಬೆಳಿಗ್ಗೆ ಅವರು ಹಿಂದಿನ ದಿನದ ಹಾಳೆ ಹರಿದು ಬುಟ್ಟಿಗೆ ಹಾಕಿದರೆ ನಾನು ಎತ್ತಿಕೊಳ್ಳುತ್ತಿದ್ದೆ. ಸಂಜೆ ಊಟಕ್ಕೆ ಮುಂಚೆ ಮೈದುನ ಓದಿ, ಪ್ರಶ್ನೆಗೆ ಉತ್ತರ ಜೋಡಿಸಿ, ಗುಂಡುಪಿನ್ನು ಚುಚ್ಚಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದ. ನನಗೆ ಆಗ ಅಕ್ಷರ ಕೂಡಿಸಿ ಓದಲು ಒಂದು ಹಾಳೆಗೆ ಅರ್ಧ ಗಂಟೆ ಬೇಕು.

ಈ ಕತೆ ನಡೆದ ವರ್ಷ ಮೂರನೇ ಮಹಡಿಯ ಬಣ್ಣದ ಏಜೆಂಟರೂ ಅಂಥದ್ದೇ ಒಂದು ಕ್ಯಾಲೆಂಡರ್ ತೂಗುಹಾಕಿದರು. ಮೈದುನನಿಗೆ ಹಬ್ಬವಾಯಿತು. ಒಂದರ ಹಾಳೆ ಇನ್ನೊಂದಕ್ಕೆ ಸೇರದ ಹಾಗೆ ನೋಡಿಕೊಳ್ಳುವ ಕೆಲಸ ನನ್ನದು. ಅದೇನು ಕಷ್ಟವಿರಲಿಲ್ಲ. ಔಷಧಿಯವರ ತಾರೀಕು ಕೆಂಪು, ಬಣ್ಣದವರ ತಾರೀಕು ನೀಲಿ. ಕೆಂಪನ್ನು ಎಡಗಡೆ ಸೊಂಟಕ್ಕೆ, ನೀಲಿಯನ್ನು ಬಲಗಡೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ.

ಇನ್ನು ಟೈಪಿಸ್ಟಮ್ಮನ ವಿಷಯ ಹೇಳಬೇಕು. ಎರಡನೇ ಮಹಡಿಯ ವಿಮಾ ಆಫೀಸಿನಲ್ಲಿ ಟೈಪು ಮಾಡುತ್ತಿದ್ದಳು. ಮೂವತ್ತಾರು ವರ್ಷ, ಮದುವೆಯಾಗಿರಲಿಲ್ಲ, ಅಕ್ಕಭಾವನ ಮನೆಯಲ್ಲಿದ್ದಳು. ಎಡ ಮೊಣಕಾಲು ಸ್ವಲ್ಪ ನೋವು. ಈ ಎಲ್ಲವೂ ನನಗೆ ಗೊತ್ತಾದದ್ದು ಮೆಟ್ಟಿಲ ಮೇಲೆ. ಎರಡನೇ ಮಹಡಿಗೆ ಬರುವವಳು ದಿನಾ ಬೆಳಿಗ್ಗೆ ಐದರಿಂದ ಇಳಿದುಕೊಂಡು ಬರುತ್ತಿದ್ದಳು. ಕಂಬಿ ಹಿಡಿದುಕೊಂಡು, ಎಡಗಾಲು ಮೊದಲು ಇಟ್ಟು, ಮೂರು ಮಹಡಿ, ಅರವತ್ತಾರು ಮೆಟ್ಟಿಲು. ಒದ್ದೆ ಮೆಟ್ಟಿಲು ಕಂಡರೆ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದಳು. ಹಾಗೆ ಮಾಡುತ್ತಿದ್ದವಳು ಕಟ್ಟಡದಲ್ಲೆಲ್ಲ ಅವಳೊಬ್ಬಳೇ.

“ಕಾಲು ನೋವು ಇಟ್ಕೊಂಡು ಇದ್ಯಾಕಮ್ಮ?” ಎಂದು ಕೇಳಿದೆ.

“ಉತ್ತರ ಬೇಕಲ್ಲ ಅಕ್ಕ” ಎಂದಳು. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಮೂರು ವರ್ಷದ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದಳು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇನ್ನೊಂದು ಸಂಗತಿ ನನ್ನ ಕಿವಿಗೆ ಬಿತ್ತು. ಕಟ್ಟಡದಲ್ಲಿ ಚಿಕ್ಕವರಿಂದ ದೊಡ್ಡವರ ತನಕ ಎಲ್ಲರೂ ನನ್ನ ಮೈದುನನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಟೈಪಿಸ್ಟಮ್ಮ ಮಾತ್ರ “ಲಿಫ್ಟಿನವರೇ” ಎನ್ನುತ್ತಿದ್ದಳು. ಅಣ್ಣ ಸೇರಿಸುತ್ತಿರಲಿಲ್ಲ. ಮನೆಗೆ ಹೋಗಿ ಅತ್ತೆಗೆ ಹೇಳಿದೆ.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. “ಅಣ್ಣ ಅನ್ಲಿಲ್ವಾ? ಸರಿಯಾಗಿ ಕೇಳಿಸ್ಕೊಂಡ್ಯಾ?”

“ನಾಲ್ಕು ದಿನ ಕೇಳಿಸ್ಕೊಂಡೆ ಅತ್ತೆ.”

“ಬೇರೆ ಗಂಡಸ್ರಿಗೆ ಅಂತಾಳಾ?”

“ಬಣ್ಣದವರಿಗೆ ಅಂತಾಳೆ. ನೀರು ತರೋನಿಗೆ ಅಂತಾಳೆ. ಹಲ್ಲಿನ ಡಾಕ್ಟರಿಗೂ ಒಂದ್ಸಲ ಬಾಯಿ ತಪ್ಪಿ ಅಂದ್ಬಿಟ್ಳು.”

“ಹಾಗಾದ್ರೆ ಇವನಿಗೆ ಬೇಕಂತಲೇ ಬಿಟ್ಟಿದ್ದಾಳೆ” ಎಂದು ಅತ್ತೆ ತೀರ್ಮಾನ ಕೊಟ್ಟರು. ಮೈದುನನನ್ನು ಕೇಳಿದರೆ ಕಿವಿ ತನಕ ಕೆಂಪಾದ. “ಅಮ್ಮಾ, ಅವರಿಗೆ ಸಾಮಾನ್ಯ ಜ್ಞಾನದಲ್ಲಿ ಆಸಕ್ತಿ, ಅಷ್ಟೇ” ಎಂದ. ಅವನಿಗೂ ಮೂವತ್ತೆಂಟು. ಆದರೆ ನಾನು ನೋಡಿದ್ದೇನೆ, ಅವಳು ಲಿಫ್ಟಿನಲ್ಲಿದ್ದಾಗ ಎಣಿಕೆ ಅರವತ್ತಕ್ಕೆ ಮುಗಿಯುತ್ತಿರಲಿಲ್ಲ, ಎಪ್ಪತ್ತಾಗುತ್ತಿತ್ತು. ಏಳನೇ ಮಹಡಿಯ ವಕೀಲರು ಒಮ್ಮೆ “ಏನಯ್ಯಾ, ಇವತ್ತು ಕಟ್ಟಡ ಉದ್ದ ಆಗಿದೆಯಾ?” ಎಂದು ಕೇಳಿಯೂಬಿಟ್ಟರು.

ಹೀಗಿರುವಾಗ ವಿಮಾ ಕಂಪನಿಯವರು ತಮ್ಮ ಶಾಖೆಗಳ ನಡುವೆ ಸಾಮಾನ್ಯ ಜ್ಞಾನದ ಸ್ಪರ್ಧೆ ಇಟ್ಟರು. ಆಟ, ಊಟ, ಚರಿತ್ರೆ, ಗಾದೆ, ಎಲ್ಲವೂ ಇರುತ್ತದಂತೆ. ಜಾಗ ನಮ್ಮ ಎರಡನೇ ಮಹಡಿಯೇ. ಟೈಪಿಸ್ಟಮ್ಮನ ಪುಸ್ತಕದ ವಿಷಯ ತಿಳಿದಿದ್ದ ಮ್ಯಾನೇಜರು ಅವಳನ್ನೇ ಮುಂದಾಳು ಮಾಡಿದರು. ಕಪ್ ಇಡಲು ಬೀರುವಿನ ಮೇಲೆ ನನ್ನಿಂದ ಮೊದಲೇ ಜಾಗ ಒರೆಸಿಸಿದರು. ಪ್ರಶ್ನೆ ಕೇಳಲು ಯಾರ ಕಡೆಯವರೂ ಅಲ್ಲದವರು ಬೇಕೆಂದು ಐದನೇ ಮಹಡಿಯ ಔಷಧಿ ಕಂಪನಿಯ ದೊಡ್ಡ ಆಫೀಸರನ್ನು ಕರೆದರು. ಆ ಪುಣ್ಯಾತ್ಮರು ಪ್ರಶ್ನೆಗಳನ್ನು ಎಲ್ಲಿಂದ ತೆಗೆದರು? ದಿನಾ ಹಾಳೆ ಹರಿಯುವ ಮುಂಚೆ ನಕಲು ಮಾಡಿಟ್ಟು, ತಮ್ಮ ಗೋಡೆಯ ಕ್ಯಾಲೆಂಡರಿನಿಂದ.

ಸ್ಪರ್ಧೆ ಶನಿವಾರ. ಆ ವಾರ ಬುಧವಾರ ಸರಕಾರಿ ರಜೆ ಬಂತು. ಗುರುವಾರ ಬೆಳಿಗ್ಗೆ ಎರಡೂ ಆಫೀಸಿನವರು ಮಂಗಳವಾರದ್ದು, ಬುಧವಾರದ್ದು, ಎರಡೆರಡು ಹಾಳೆ ಹರಿದು ಹಾಕಿದ್ದರು. ನಾಲ್ಕು ಹಾಳೆಗಳನ್ನೂ ಒಂದೇ ಕೈಯಲ್ಲಿ ತಂದೆ, ಇನ್ನೊಂದು ಕೈಯಲ್ಲಿ ಬಕೆಟ್ಟಿತ್ತು. ನೋಡಿದರೆ ಮೂರು ಕೆಂಪು, ಒಂದೇ ನೀಲಿ. ನನಗೆ ದಿಕ್ಕು ತೋಚಲಿಲ್ಲ. ಬಣ್ಣದವರ ಕ್ಯಾಲೆಂಡರಿನಲ್ಲಿ ರಜೆಯ ದಿನವೂ ತಾರೀಕು ಕೆಂಪು ಎನ್ನುವುದು ನನಗೆ ಗೊತ್ತಿರಲಿಲ್ಲ. ಆ ವರ್ಷ ವಾರದ ನಡುವೆ ಬಂದ ಮೊದಲ ರಜೆ ಅದು. ಭಾನುವಾರದ್ದೂ ಕೆಂಪೇ ಇದ್ದಿರಬೇಕು, ಆದರೆ ಆ ಹಾಳೆಯಲ್ಲಿ ಉತ್ತರವೇ ಇಲ್ಲದ್ದರಿಂದ ಅದು ಯಾವ ಕಡೆ ಹೋದರೂ ನಡೆಯುತ್ತಿತ್ತು. ಬುಧವಾರದ ಎರಡು ಕೆಂಪು ಹಾಳೆಗಳಲ್ಲಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸಿಕ್ಕಿಸಿಕೊಂಡೆ. ಎರಡನ್ನೂ ಅಕ್ಷರ ಕೂಡಿಸಿ ಓದಿಯೂ ನೋಡಿದೆ. ಎರಡರಲ್ಲೂ ಹಕ್ಕಿ. ಒಂದರಲ್ಲಿ ಹಕ್ಕಿ, ಇನ್ನೊಂದರಲ್ಲಿ ಸಕ್ಕರೆ ಇದ್ದಿದ್ದರೆ ನನ್ನಂಥವಳಿಗೂ ತಿಳಿಯುತ್ತಿತ್ತು.

ಶುಕ್ರವಾರ ಮೈದುನ ಎಡಗಡೆಯ ಜೋಡಿಯನ್ನು ತೆಗೆದ. “ಷಟಲ್ ಆಡೋ ಚೆಂಡಿಗೆ ಯಾವ ಹಕ್ಕಿ ಗರಿ ಚುಚ್ತಾರೆ?” ಐದನೇ ಮಹಡಿಯಲ್ಲಿ ಬಾಗಿಲು ತೆರೆಯಿತು. “ಉಷ್ಟ್ರಪಕ್ಷಿ.”

ವಕೀಲರು ಅನುಮಾನಪಟ್ಟರಂತೆ. “ಅದು ಆಳೆತ್ತರದ ಹಕ್ಕಿ ಕಣಯ್ಯಾ. ಅದರ ಗರಿ ಚೆಂಡಿಗೆ ಹೇಗೆ ಚುಚ್ತಾರೆ?”

“ಮರಿಯ ಗರಿ ಸಾರ್” ಎಂದ ನನ್ನ ಮೈದುನ. ಇದು ಹಾಳೆಯಲ್ಲಿರಲಿಲ್ಲ. ಅವನೇ ಸೇರಿಸಿದ್ದು.

ಟೈಪಿಸ್ಟಮ್ಮ ಬರೆದುಕೊಂಡಳು, ಮೂರು ಮಹಡಿ ಇಳಿದಳು.

ಶನಿವಾರ ನಾನು ಬಾಗಿಲ ಬಳಿ ನಿಂತಿದ್ದೆ, ಕುರ್ಚಿ ಎತ್ತಿಡಲು. ಟೈಪಿಸ್ಟಮ್ಮ ಹೇಳಿದ್ದೇ ಹೇಳಿದ್ದು. ಎಷ್ಟು ವರ್ಷವಾದರೂ ಕೆಡದ ತಿನಿಸು? ಜೇನುತುಪ್ಪ. ಹಿಂದಕ್ಕೆ ಹೋದವರು ಗೆಲ್ಲುವ ಆಟ? ಹಗ್ಗ ಜಗ್ಗಾಟ. ಕೂತು ಉಣ್ಣುವವನಿಗೆ? ಅವಳು ಮ್ಯಾನೇಜರ್ ಕಡೆ ನೋಡದೆ ಸರಿಯಾಗಿ ಮುಗಿಸಿದಳು. ಎದುರು ಶಾಖೆಯವರೂ ಬಿಡುವವರಲ್ಲ. ಕೊನೆಗೆ ಇಬ್ಬರೂ ಸಮಸಮ ಬಂದು ನಿಂತರು. ಉಳಿದದ್ದು ಒಂದೇ ಪ್ರಶ್ನೆ. ಔಷಧಿ ಆಫೀಸರು ಚೀಟಿ ಬಿಚ್ಚಿದರು. “ಷಟಲ್ ಚೆಂಡಿಗೆ ಯಾವ ಹಕ್ಕಿಯ ಗರಿ?”

ಟೈಪಿಸ್ಟಮ್ಮನ ಮುಖ ಅರಳಿತು. ಎದ್ದು ನಿಂತೇ ಹೇಳಿದಳು. “ಉಷ್ಟ್ರಪಕ್ಷಿ. ಮರಿಯದು.”

ಎದುರು ಶಾಖೆಯ ಒಬ್ಬ ಕನ್ನಡಕದವನು ಹೇಳಿದ. “ಉಷ್ಟ್ರಪಕ್ಷಿ ಗರಿ ಚುಚ್ಚಿದ್ರೆ ಅದನ್ನ ಹೊಡೆಯೋಕೆ ಬ್ಯಾಟ್ ಸಾಲಲ್ಲ ಮೇಡಂ, ಬಾಗಿಲು ಕಿತ್ಕೊಂಡು ಬರ್ಬೇಕು.” ಗೋಡೆ ಬಿರಿಯುವ ಹಾಗೆ ನಕ್ಕರು. ನಮ್ಮ ಶಾಖೆಯವರೇ ಹೆಚ್ಚು ನಕ್ಕರು. ಸರಿ ಉತ್ತರ ಹೆಬ್ಬಾತು. ದೊಡ್ಡ ಬಾತುಕೋಳಿಯ ಹಾಗಿರುತ್ತದೆ. ಕಪ್ ಕನ್ನಡಕದವನ ಶಾಖೆಗೆ ಹೋಯಿತು.

ಸಂಜೆ ಅವಳು ಲಿಫ್ಟಿಗೆ ಬಂದಳು. ನಾನು ಅಲ್ಲೇ ಬಕೆಟ್ ಹಿಡಿದು ನಿಂತಿದ್ದೆ.

“ಲಿಫ್ಟಿನವರೇ, ಉತ್ತರ ತಪ್ಪು ಹೇಳಿದ್ರಿ.”

ನನ್ನ ಮೈದುನ ಸ್ಟೂಲಿನಿಂದ ಏಳಲಿಲ್ಲ. “ಸಾಧ್ಯವೇ ಇಲ್ಲ ಮೇಡಂ. ಆರು ವರ್ಷದಲ್ಲಿ ಒಂದು ಉತ್ತರ ತಪ್ಪಿಲ್ಲ. ಕೇಳಿದವರದ್ದೇ ತಪ್ಪಿರ್ಬೇಕು. ನನ್ನ ಹತ್ರ ಚೀಟಿ ಇದೆ.”

ಅವಳು ಅವನನ್ನು ನೋಡಿದಳು. ತಿರುಗಿ ಮೆಟ್ಟಿಲಿನಲ್ಲಿ ಇಳಿದು ಹೋದಳು. ಅವತ್ತಿನಿಂದ ಲಿಫ್ಟಿಗೆ ಕಾಲಿಡಲಿಲ್ಲ.

ಸೋಮವಾರ ಅವಳ ಟೈಪ್ ಮೆಷಿನ್ನಿನ ಮೇಲೆ ಯಾರೋ ಒಂದು ಕೋಳಿಮೊಟ್ಟೆ ಇಟ್ಟು “ಇದು ಯಾರದ್ದು?” ಎಂದು ಬರೆದಿದ್ದರು. ಆಫೀಸಿನಲ್ಲಿ ಅವಳ ಹೆಸರೇ ಉಷ್ಟ್ರಪಕ್ಷಿ ಆಯಿತು. ಬೆಳಿಗ್ಗೆ ನಲವತ್ತನಾಲ್ಕು ಮೆಟ್ಟಿಲು ಹತ್ತುವಳು, ಸಂಜೆ ನಲವತ್ತನಾಲ್ಕು ಇಳಿವಳು. ಇಳಿಯುವುದಕ್ಕಿಂತ ಹತ್ತುವುದು ಆ ಮೊಣಕಾಲಿಗೆ ಹೆಚ್ಚು ಕಷ್ಟ. ನಡುವೆ ಎರಡು ಸಲ ನಿಲ್ಲುತ್ತಿದ್ದಳು. ಒದ್ದೆ ಮೆಟ್ಟಿಲು ಕಂಡರೆ ಆಗಲೂ ಚಪ್ಪಲಿ ತೆಗೆಯುತ್ತಿದ್ದಳು.

ಇತ್ತ ಲಿಫ್ಟಿನ ಗತಿ ಕೇಳಬೇಡಿ. ಎರಡನೇ ಮಹಡಿ ಬಂದರೆ ಸಾಕು, ಮೈದುನನ ಕೈ ತಪ್ಪುತ್ತಿತ್ತು. ನಾಲ್ಕು ಬೆರಳು ಮೇಲೆ, ಇಲ್ಲ ಒಂದು ಗೇಣು ಕೆಳಗೆ. ವಿಮಾ ಆಫೀಸಿನ ಮ್ಯಾನೇಜರು ಎಡವಿ ಫೈಲು ಸಮೇತ ನನ್ನ ಬಕೆಟ್ಟಿಗೆ ಕೈ ಊರಿದರು. ವಾರದ ರಜೆಯ ದಿನ ಮೈದುನ ಆಟದ ಸಾಮಾನಿನ ಅಂಗಡಿಗೆ ಹೋಗಿ ಒಂದು ಷಟಲ್ ಚೆಂಡು ತಂದ. ಗರಿ ಎಣಿಸಿದ, ಹದಿನಾರು. ಮುಖ ಸುಟ್ಟ ಬದನೆಕಾಯಿ ಆಗಿತ್ತು.

“ಅಂಗಡಿಯವನು ಏನಂದ?” ಎಂದು ಅತ್ತೆ ಕೇಳಿದರು.

“ಹೆಬ್ಬಾತು ಅಂದ. ಉಷ್ಟ್ರಪಕ್ಷಿ ಗರಿ ಧೂಳು ಹೊಡೆಯೋಕೆ ಚೆನ್ನಾಗಿರುತ್ತೆ ಅಂದ.”

“ಹೋಗಿ ಆ ಹುಡುಗಿಗೆ ಹೇಳು ಮತ್ತೆ, ತಪ್ಪಾಯ್ತು ಅಂತ.”

“ಅವರು ಲಿಫ್ಟಿಗೆ ಬರಲ್ವಲ್ಲಮ್ಮ.”

“ಕಾಲಿಲ್ವಾ ನಿಂಗೆ?”

ಅವನು ಮರುದಿನದಿಂದ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ. ಆರು ವರ್ಷದ ಅಭ್ಯಾಸ, ಜನರಿಗೆ ತಡೆಯಲಾಗಲಿಲ್ಲ. ಅರವತ್ತು ಎಣಿಸುವಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲಬೇಕು. “ಏನಾದ್ರೂ ಕೇಳಯ್ಯಾ. ನನ್ನ ವಯಸ್ಸಾದ್ರೂ ಕೇಳು” ಎಂದು ವಕೀಲರು ಬೇಡಿಕೊಂಡರು.

ನನಗೂ ಸಮಾಧಾನವಿರಲಿಲ್ಲ. ಕ್ಯಾಲೆಂಡರ್ ತಪ್ಪು ಬರೆಯಿತೇ? ಆದರೆ ಔಷಧಿ ಆಫೀಸರಿಗೆ ಅದೇ ಕ್ಯಾಲೆಂಡರಿನಲ್ಲಿ ಹೆಬ್ಬಾತು ಸಿಕ್ಕಿತಲ್ಲ? ಒಂದು ಮಧ್ಯಾಹ್ನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದು ಕೂತೆ. ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಓದಲಿಲ್ಲ, ತೂತು ನೋಡಿದೆ. ಔಷಧಿಯವರ ಹಾಳೆಗೆ ತಲೆಯ ಮೇಲೆ ಎರಡು ತೂತು, ಬಣ್ಣದವರದ್ದಕ್ಕೆ ನಡುವೆ ಒಂದೇ. ಉಷ್ಟ್ರಪಕ್ಷಿಯ ಹಾಳೆಗೆ ಒಂದೇ ತೂತು. ಅದಕ್ಕೆ ಸೇರಬೇಕಾದ ನೀಲಿ ಪ್ರಶ್ನೆ ಡಬ್ಬಿಯ ತಳದಲ್ಲಿ ಹೆಬ್ಬಾತಿನ ಜೊತೆ ಪಿನ್ನು ಚುಚ್ಚಿಸಿಕೊಂಡು ಕೂತಿತ್ತು: ‘ಎಲ್ಲಕ್ಕಿಂತ ದೊಡ್ಡ ಮೊಟ್ಟೆ ಇಡುವ ಹಕ್ಕಿ ಯಾವುದು?’

ಆರು ವರ್ಷ ಕಸ ಆರಿಸಿದ್ದೇನೆ, ತೂತು ನೋಡಬೇಕೆಂದು ಹೊಳೆಯಲಿಲ್ಲ. ಬಣ್ಣ ನಂಬಿ ಕೆಟ್ಟೆ.

ಸಂಜೆ ಮೈದುನನ ಮುಂದೆ ನಾಲ್ಕು ಹಾಳೆ ಇಟ್ಟು ಹೇಳಿದೆ. “ತಪ್ಪು ನಂದಪ್ಪ.” ಅವನು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದ. “ಹಾಳೆ ತಂದಿದ್ದು ನೀವು ಅತ್ತಿಗೆ. ಮರಿ ಅಂದಿದ್ದು ನಾನು” ಎಂದ. “ಚೀಟಿ ಇದೆ ಅಂತ ಜಂಬ ಮಾಡಿದ್ದೂ ನಾನು. ನೀವು ಅವರಿಗೆ ಏನೂ ಹೇಳೋಕೆ ಹೋಗ್ಬೇಡಿ.”

ಹೇಳಬೇಡ ಎಂದರೆ ಹೇಳದಿರಲು ನನಗೇನು ಹೊಟ್ಟೆ ಕಲ್ಲೇ? ಮರುದಿನ ಬೆಳಿಗ್ಗೆ ಮೂವತ್ತನೇ ಮೆಟ್ಟಿಲಿನಲ್ಲಿ ಒರೆಸುವ ಕೋಲು ಅಡ್ಡ ಹಿಡಿದು ಟೈಪಿಸ್ಟಮ್ಮನನ್ನು ನಿಲ್ಲಿಸಿದೆ. ಹಾಳೆ ತೋರಿಸಿದೆ, ತೂತು ತೋರಿಸಿದೆ, ರಜೆ, ಕೆಂಪು, ನೀಲಿ ಎಲ್ಲ ಹೇಳಿದೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕೂತು ಕೇಳಿದಳು. ಮೊಟ್ಟೆಯ ಪ್ರಶ್ನೆ ಓದಿದಾಗ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನಗು ನಿಂತಿತು.

“ಅಕ್ಕ, ತಪ್ಪು ಉತ್ತರಕ್ಕೆ ನಂಗೆ ಕೋಪ ಇಲ್ಲ. ಒಂದು ಕಪ್ ಹೋಯ್ತು, ಹೋಗ್ಲಿ. ಮೂರು ವರ್ಷ ಅವರು ಹೇಳಿದ್ದನ್ನೆಲ್ಲ ಬರ್ಕೊಂಡೆ. ನಾನು ಒಂದೇ ಒಂದು ಮಾತು ಹೇಳಿದ್ರೆ ಸ್ಟೂಲಿಂದ ಏಳ್ಲಿಲ್ಲ.”

“ಈಗ ಅವನಿಗೂ ಗೊತ್ತಾಗಿದೆ. ಸೊರಗಿ ಹೋಗಿದ್ದಾನೆ.”

“ಹಾಗಾದ್ರೆ ಬಂದು ಹೇಳ್ಲಿ. ಎರಡು ಮಹಡಿ. ಮೆಟ್ಲು ಹತ್ತಿ.”

“ಮೆಟ್ಲಾ?” ಎಂದೆ. ಅವನ ನೇಮ ಅವಳಿಗೂ ಗೊತ್ತಿತ್ತು.

“ನಾನು ಅವರ ಉತ್ತರಕ್ಕೆ ದಿನಾ ಅರವತ್ತಾರು ಇಳೀತಿದ್ದೆ. ಅವರು ನಲವತ್ತನಾಲ್ಕು ಹತ್ತಲಿ.” ಅವಳೂ ಎಣಿಸಿದ್ದಳು. ಅವತ್ತೇ ನನಗೆ ಅವಳು ನಮ್ಮ ಮನೆಗೆ ಸರಿಯಾದವಳು ಎಂದು ಗಟ್ಟಿಯಾದದ್ದು.

ಮಾತು ಮುಟ್ಟಿಸಿದೆ. ಮೈದುನ ಮೂರು ದಿನ ಒದ್ದಾಡಿದ. ಊಟ ಅರ್ಧಕ್ಕೆ ಬಿಟ್ಟ. “ಇಪ್ಪತ್ತು ವರ್ಷ ಆದ ಮೇಲೆ ಮೆಟ್ಲು ಹತ್ತಿದ್ರೆ ಜನ ನಗಲ್ವಾ?” ಎಂದ. “ಅವಳನ್ನ ನೋಡಿ ನಕ್ಕಾಗಿದೆ, ಈಗ ನಿನ್ನ ಸರದಿ” ಎಂದರು ಅತ್ತೆ.

ನಾಲ್ಕನೇ ದಿನ ಹನ್ನೊಂದು ಗಂಟೆ. ನಾನು ಎರಡನೇ ಮಹಡಿಯ ಪಡಸಾಲೆ ಒರೆಸುತ್ತಿದ್ದೆ. ಕೆಳಗೆ ವಕೀಲರು ಲಿಫ್ಟ್ ಹತ್ತಿದರಂತೆ. ಮೈದುನ ಬಾಗಿಲು ಎಳೆದನಂತೆ, ಹಿಡಿಯ ಮೇಲೆ ಕೈ ಇಟ್ಟನಂತೆ, ಆಮೇಲೆ “ಒಂದು ನಿಮಿಷ ಸಾರ್” ಎಂದು ತಾನು ಹೊರಗೆ ಬಂದು, ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸಮೇತ ಮೆಟ್ಟಿಲಿನ ಕಡೆ ನಡೆದೇಬಿಟ್ಟ. ವಕೀಲರು ಒಳಗೆ.

ಹೆಜ್ಜೆ ಸದ್ದು ಕೇಳಿ ಇಣುಕಿ ನೋಡಿದೆ. ಇಪ್ಪತ್ತೆರಡನೇ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಿದ್ದ. ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತ ಕಾಲು. ನಾನು ಒರೆಸಿದ ಒದ್ದೆ ಕಂಡು ಚಪ್ಪಲಿ ಕೈಗೆ ತೆಗೆದುಕೊಂಡ. ಹೇಗೋ ಮೇಲೆ ಬಂದ. ನನ್ನನ್ನು ದಾಟಿ ನೇರ ವಿಮಾ ಆಫೀಸಿನ ಬಾಗಿಲಿಗೆ ಹೋಗಿ ನಿಂತ. ಹನ್ನೆರಡು ಜನ ತಲೆ ಎತ್ತಿದರು. ಟೈಪ್ ಸದ್ದು ನಿಂತಿತು. ಅವನು ಏನೇನೋ ಹೇಳಬೇಕೆಂದು ಮೂರು ದಿನ ಬಾಯಿಪಾಠ ಮಾಡಿದ್ದ, ನಾನೇ ಕೇಳಿಸಿಕೊಂಡಿದ್ದೇನೆ. ಆದರೆ ಏದುಸಿರು. ಎರಡು ಸಲ ಬಾಯಿ ತೆರೆದ, ಗಾಳಿ ಬಂತು, ಮಾತು ಬರಲಿಲ್ಲ. ಮೂರನೇ ಸಲ ಇಡೀ ಆಫೀಸಿಗೆ ಕೇಳುವ ಹಾಗೆ ಬಂತು.

“ಹೆಬ್ಬಾತು!”

ಯಾರೂ ನಗಲಿಲ್ಲ, ಏಕೆಂದರೆ ಯಾರಿಗೂ ಅರ್ಥವಾಗಲಿಲ್ಲ. ಯಾರನ್ನು ಬೈಯುತ್ತಿದ್ದಾನೆ ಎಂದು ಮ್ಯಾನೇಜರು ಹಿಂದೆ ಮುಂದೆ ನೋಡಿದರು.

ಮೈದುನ ಉಸಿರು ಎಳೆದುಕೊಂಡ. “ಉತ್ತರ ಹೆಬ್ಬಾತು. ಮೇಡಂ ತಪ್ಪು ಹೇಳಿಲ್ಲ, ತಪ್ಪು ನಂದು. ನಾನು ಹೇಳಿದ್ದನ್ನ ಅವರು ನಂಬಿದ್ರು. ಉಷ್ಟ್ರಪಕ್ಷಿ ಅಂತ ಯಾರನ್ನಾದ್ರೂ ಕರೀಬೇಕಿದ್ರೆ ನನ್ನ ಕರೀರಿ. ದಿನಾ ಕೆಳಗೇ ಇರ್ತೀನಿ.”

ಆಗ ಟೈಪಿಸ್ಟಮ್ಮ ಎದ್ದಳು. “ಕೆಳಗೆ ಯಾರೋ ಕೂಗ್ತಾ ಇದ್ದಾರೆ” ಎಂದಳು. ನಿಜವಾಗಿಯೂ ಕೂಗುತ್ತಿದ್ದರು. ವಕೀಲರು ಲಿಫ್ಟಿನ ಕಂಬಿ ಹಿಡಿದು ಎಲ್ಲ ಕಾನೂನುಗಳ ಹೆಸರನ್ನೂ ಒಂದೊಂದಾಗಿ ಹೇಳುತ್ತಿದ್ದರು.

ಇಬ್ಬರೂ ಒಟ್ಟಿಗೆ ಇಳಿದರು. ಬಾಗಿಲು ತೆರೆದ ಮೇಲೆ ಅವಳೂ ಲಿಫ್ಟ್ ಹತ್ತಿದಳು. ಮುಂದಿನದ್ದನ್ನು ವಕೀಲರು ಹತ್ತು ವರ್ಷ ಎಲ್ಲರಿಗೂ ಹೇಳಿದ್ದಾರೆ, ಒಂದಕ್ಷರ ಬದಲಿಸದೆ. ಮೈದುನ ಹಿಡಿ ತಿರುಗಿಸಿದ ಕೂಡಲೇ ಅವಳು ಕೇಳಿದಳಂತೆ.

“ಲಿಫ್ಟಿನವರೇ, ಇವತ್ತು ಪ್ರಶ್ನೆ ನಂದು. ಮೊಣಕಾಲು ನೋವಿರೋ ಒಬ್ಬಳು ಟೈಪಿಸ್ಟು ಮೂರು ವರ್ಷ ಐದನೇ ಮಹಡಿಗೆ ಹೋಗಿ ಇಳಿದು ಬರ್ತಿದ್ದದ್ದು ಯಾಕೆ?”

“ಸಾಮಾನ್ಯ ಜ್ಞಾನಕ್ಕೆ” ಎಂದನಂತೆ ನನ್ನ ಮೈದುನ. ಅವನ ಬುದ್ಧಿಗೆ ಏನು ಹೇಳಲಿ.

“ತಪ್ಪು” ಎಂದು ಅವಳು ಎರಡನೇ ಮಹಡಿಯಲ್ಲಿ ಇಳಿದಳು. ಇವನು ಬಾಗಿಲು ಹಿಡಿದುಕೊಂಡು “ಮೇಡಂ, ಉತ್ತರ?” ಎಂದು ಕೂಗಿದ. ಅದು ನನಗೇ ಕೇಳಿಸಿತು. ಆರು ವರ್ಷ ಎರಡನೇ ಮಹಡಿಯವರೆಲ್ಲ ಪಟ್ಟ ಪಾಡು ಅವನ ಮುಖದಲ್ಲಿ ಒಂದೇ ಸಲಕ್ಕೆ ಬಂದಿತ್ತು.

“ಉತ್ತರ ನಂಗೊತ್ತು ಕಣಯ್ಯಾ” ಎಂದರಂತೆ ವಕೀಲರು. “ಮೊದಲು ನನ್ನ ಏಳಕ್ಕೆ ಬಿಡು. ಐದರಲ್ಲಿ ಹೇಳ್ತೀನಿ.”

ಐದರಲ್ಲಿ ಹೇಳಿದರು. ಲಿಫ್ಟ್ ಏಳಕ್ಕೆ ಹೋಗಲು ಅವತ್ತು ಬಹಳ ಹೊತ್ತು ಹಿಡಿಯಿತು.

ಎರಡು ತಿಂಗಳಿಗೆ ಟೈಪಿಸ್ಟಮ್ಮ ನನಗೆ ವಾರಗಿತ್ತಿಯಾದಳು. ಮಾತುಕತೆಗೆ ಹೋದಾಗ ಅವಳ ಭಾವ “ಹುಡುಗ ಏನು ಮಾಡ್ತಾನೆ?” ಎಂದರು. ನಮ್ಮತ್ತೆ “ಮೇಲಕ್ಕೆ ಹೋಗ್ತಾನೆ” ಎಂದು ಅಷ್ಟಕ್ಕೇ ನಿಲ್ಲಿಸಿದರು. ಕೆಳಗೆ ಬರುವ ವಿಷಯ ಎತ್ತಲಿಲ್ಲ. ಈಗಲೂ ಊಟಕ್ಕೆ ಕೂತಾಗ ಮೈದುನ ಪ್ರಶ್ನೆ ಕೇಳುತ್ತಾನೆ. ಮನೆಯಲ್ಲಿ ಐದನೇ ಮಹಡಿ ಇಲ್ಲದ್ದರಿಂದ ಉತ್ತರ ಕೈ ತೊಳೆದ ಮೇಲೆ. ಹಾಳೆಯ ತೂತನ್ನು ಮೊದಲು ವಾರಗಿತ್ತಿ ನೋಡುತ್ತಾಳೆ.

ಅವನು ಮೆಟ್ಟಿಲು ಹತ್ತಿದ ದಿನದ ಸಂಜೆಯದ್ದು ಇನ್ನೊಂದು ಮಾತಿದೆ. ಎಲ್ಲರೂ ಹೋಗುವ ಹೊತ್ತು, ನಾನು ಎರಡನೇ ಮಹಡಿ ಒರೆಸುತ್ತಿದ್ದೆ. ಟೈಪಿಸ್ಟಮ್ಮನನ್ನು ಕರೆದೊಯ್ಯಲು ಲಿಫ್ಟ್ ಬಂದು ನಿಂತಿತು. ಬಾಗಿಲು ತೆರೆದಿತ್ತು, ಅವಳಿನ್ನೂ ಮೆಷಿನ್ನಿಗೆ ಮುಸುಕು ಹಾಕುತ್ತಿದ್ದಳು. ಪಡಸಾಲೆಯ ಉದ್ದಕ್ಕೂ ಒರೆಸಿಕೊಂಡು ಹೋದ ನನ್ನ ಬಟ್ಟೆ ಎಲ್ಲಿಯೂ ತಡೆಯದೆ, ಎಡವದೆ, ಲಿಫ್ಟಿನ ಒಳಗೆ ಸ್ಟೂಲಿನ ಕಾಲಿನ ತನಕ ಹೋಯಿತು.